ಪೂಜೆಗಿಟ್ಟ ಮೊಹರು

ನನ್ನ ಸೇವಾ ಪುಸ್ತಕದಲ್ಲಿ ಎಲ್ಲವೂ ಇದೆ. ಲಿಂಗಸುಗೂರಿನಲ್ಲಿ ಗುಮಾಸ್ತನಾಗಿ ಸೇರಿದ ದಿನ, ಸಿಂಧನೂರಿಗೆ ವರ್ಗವಾದ ದಿನ, ಮಸ್ಕಿಗೆ ಎತ್ತಿಹಾಕಿದ ದಿನ, ಉಳಿದ ರಜೆಗಳು, ಎಲ್ಲಕ್ಕೂ ಸಹಿ ಇದೆ. ನಾನು ಮಾಡಿದ ದೊಡ್ಡ ತಪ್ಪು ಮಾತ್ರ ಅದರಲ್ಲಿಲ್ಲ. ಅದಕ್ಕೆ ಯಾರೂ ನೋಟಿಸು ಕೊಡಲಿಲ್ಲ, ವಿಚಾರಣೆ ನಡೆಸಲಿಲ್ಲ. ಇಡೀ ಕಚೇರಿಯ ಕಣ್ಣಿಗೆ ಅದು ತಪ್ಪಾಗಿಯೇ ಕಾಣಲಿಲ್ಲ. ಈಗ ಕಂದಾಯ ಇಲಾಖೆಗೆ ಹೊಸದಾಗಿ ಸೇರುವ ಮಕ್ಕಳು ಆಗಾಗ ಮನೆಗೆ ಬಂದು, ‘ಸರ್, ಕೆಲಸ ಹೇಗಿರುತ್ತದೆ?’ ಎಂದು ಕೇಳುತ್ತಾರೆ. ಪಹಣಿ, ಖಾತೆ ಬದಲಾವಣೆ ಎಲ್ಲವನ್ನೂ ಅವರು ಆರು ತಿಂಗಳಲ್ಲಿ ಕಲಿಯುತ್ತಾರೆ. ನಾನು ಹೇಳಬೇಕಾದದ್ದು ಒಂದು ಮೊಹರಿನ ಕಥೆ.

ಮೊದಲು ಖಾದರ್ ಸಾಬರ ಬಗ್ಗೆ ಹೇಳಬೇಕು. ಎಂಬತ್ತರ ದಶಕದ ಆರಂಭದಲ್ಲಿ ನಾನು ಲಿಂಗಸುಗೂರಿನ ತಾಲ್ಲೂಕು ಕಚೇರಿಗೆ ಸೇರಿದಾಗ ಅವರು ರೆಕಾರ್ಡ್ ರೂಮು ನೋಡಿಕೊಳ್ಳುತ್ತಿದ್ದರು. ನಿಜಾಮರ ಕಾಲದ ಉರ್ದು ದಫ್ತರುಗಳನ್ನು ಓದಬಲ್ಲವರು ಇಡೀ ತಾಲ್ಲೂಕಿನಲ್ಲಿ ಅವರೊಬ್ಬರೇ. ಅವರು ಕೆಮ್ಮಿದರೆ ಹೊಲದ ಗಡಿ ಒಂದು ಗೇಣು ಆ ಕಡೆಗೆ ಸರಿಯುತ್ತದೆ ಎಂದು ನಾವು ಹಾಸ್ಯ ಮಾಡುತ್ತಿದ್ದೆವು. ಅವರು ನಗುತ್ತಿರಲಿಲ್ಲ. ಕೆಲಸದ ವಿಷಯದಲ್ಲಿ ಅವರಿಗೆ ನಗೆ ಹಿಡಿಸುತ್ತಿರಲಿಲ್ಲ.

ಪ್ರತಿ ಶುಕ್ರವಾರ ಮಧ್ಯಾಹ್ನ ಅವರು ನಮಾಜಿಗೆ ಹೋಗುವ ಮುಂಚೆ ನನ್ನ ಮೇಜಿನ ಬಳಿ ಬಂದು, ಸೊಂಟದ ದಾರದಿಂದ ರೆಕಾರ್ಡ್ ರೂಮಿನ ಕೀಲಿಕೈ ಬಿಚ್ಚಿ ನನ್ನ ಮುಂದೆ ಇಡುತ್ತಿದ್ದರು. ಮರಳಿ ಬಂದ ಮೇಲೆ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಒಮ್ಮೆ ನನಗೆ ಬೇಸರವಾಯಿತು. ಅರ್ಧ ತಾಸಿನ ಮಾತಿಗೆ ಇಷ್ಟು ದೊಡ್ಡ ಶಾಸ್ತ್ರ ಯಾಕೆ ಅನ್ನಿಸಿತು.

“ಸಾಬರ, ಕೀಲಿಕೈ ನಿಮ್ಮ ಹತ್ರ ಇದ್ರ ಏನಾಕೈತ್ರಿ? ಅರ್ಧ ತಾಸಿನಾಗ ಯಾರು ಬರ್ತಾರ?” ಎಂದೆ.

“ಯಾರೂ ಬರದಿದ್ರೂ ಕೊಡಬೇಕು, ತಮ್ಮಾ. ನಮಾಜ್ ನಂದು, ಕೀಲಿಕೈ ಸರ್ಕಾರದ್ದು. ಎರಡೂ ಒಂದ ದಾರಕ್ಕ ಕಟ್ಟಿದ್ರ ನನ್ನ ನಮಾಜೂ ಕೆಡತೈತಿ, ಸರ್ಕಾರದ ಕೆಲಸಾನೂ ಕೆಡತೈತಿ,” ಎಂದರು.

ಆಗ ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಮುದುಕರ ಮಾತು, ಕೇಳಲು ಚೆಂದ ಎಂದುಕೊಂಡು ಬಿಟ್ಟೆ. ಅವರು ಆ ಮಾತನ್ನು ನನ್ನ ಮುಂದೆ ಕೀಲಿಕೈಯ ಹಾಗೆ ಇಟ್ಟು ಹೋಗಿದ್ದರು. ನಾನು ಅದನ್ನು ಎತ್ತಿಕೊಳ್ಳಲಿಲ್ಲ.

ನಾಲ್ಕೈದು ವರ್ಷ ಕಳೆದ ಮೇಲೆ ಸಿಂಧನೂರಿಗೆ ಬಂದೆ. ಆಗಿನ ಸಿಂಧನೂರೆಂದರೆ ಜಾತ್ರೆಯಂಥ ಊರು. ಕಾಲುವೆ ನೀರು ಬಂದು ಭತ್ತದ ಗದ್ದೆಗಳು ಹರಡಿದ್ದವು. ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರು, ಅಕ್ಕಿ ಗಿರಣಿಯವರು, ಹಮಾಲರು, ದಢೇಸುಗೂರು ಮುಕ್ಕುಂದದ ರೈತರು ಎಲ್ಲರೂ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕಾಯುತ್ತ ಕೂರುತ್ತಿದ್ದರು. ಅವರ ನಡುವೆ, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಂಗಾಳಿಗಳನ್ನು ದೂರದಿಂದಲೇ ಗುರುತಿಸಬಹುದಾಗಿತ್ತು. ಅವರ ಕೈಯಲ್ಲಿ ಯಾವಾಗಲೂ ಪ್ಲಾಸ್ಟಿಕ್ ಚೀಲ, ಅದರೊಳಗೆ ಸರ್ಕಾರ ಕೊಟ್ಟ ಪ್ರತಿ ಕಾಗದವೂ ಇರುತ್ತಿತ್ತು. ನಮ್ಮ ಹಳ್ಳಿಗರು ಕಾಗದವನ್ನು ಜಂತಿಗೆ ಸಿಕ್ಕಿಸಿ ಮರೆಯುತ್ತಿದ್ದರು. ಇವರು ಕಾಗದವನ್ನು ಕೂಸಿನಂತೆ ಎದೆಗವಚಿಕೊಂಡು ಬರುತ್ತಿದ್ದರು. ಒಮ್ಮೆ ದೇಶ ಕಳೆದುಕೊಂಡವರಿಗೆ ಕಾಗದದ ಬೆಲೆ ಗೊತ್ತಿರುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು.

ಆ ಕಚೇರಿಯಲ್ಲಿ ಮೊಹರು ನನ್ನ ಸುಪರ್ದಿಯಲ್ಲಿತ್ತು. ಮರದ ಹಿಡಿಯ ದುಂಡು ಮೊಹರು. ಅಂಚಿನಲ್ಲಿ ಕಚೇರಿಯ ಹೆಸರು, ನಡುವೆ ಸರ್ಕಾರದ ಲಾಂಛನ. ತಹಶೀಲ್ದಾರರು ಸಹಿ ಮಾಡಿದ ಕಾಗದ ನನ್ನ ಮೇಜಿಗೆ ಬಂದು ಮೊಹರು ಬೀಳುವ ತನಕ ಬರೀ ಕಾಗದ. ಬಿದ್ದ ಮೇಲೆ ಅದು ಸರ್ಕಾರದ ಮಾತು. ಮೊಹರು ಹಾಕುವಾಗ ನಾನು ಬೇಕೆಂದೇ ಸ್ವಲ್ಪ ಜೋರಾಗಿ ಒತ್ತುತ್ತಿದ್ದೆ. ಆ ಸದ್ದಿಗೆ ಎದುರು ನಿಂತವರ ಮುಖ ಅರಳುತ್ತಿತ್ತು, ನನ್ನ ಎದೆಯೂ ಉಬ್ಬುತ್ತಿತ್ತು.

ದಸರೆಗೆ ಅಲ್ಲಿ ಭಾರಿ ಆಯುಧಪೂಜೆ. ಮಹಾನವಮಿಗೆ ರಜೆ ಇರುತ್ತದಲ್ಲ, ಹಾಗಾಗಿ ಹಿಂದಿನ ದಿನವೇ ಪೂಜೆ. ಆಗಿದ್ದ ತಹಶೀಲ್ದಾರರಿಗೆ ಇದೆಲ್ಲ ಅದ್ಧೂರಿಯಾಗಿ ಆಗಬೇಕು. ದೊಡ್ಡ ಮೇಜಿನ ಮೇಲೆ ದೇವಿಯ ಫೋಟೊ, ಅದರ ಮುಂದೆ ಟೈಪ್‌ರೈಟರ್, ಅಳತೆ ಸರಪಣಿ, ಜೀಪಿನ ಕೀಲಿ, ಪೆನ್ನುಗಳು, ಎಲ್ಲದರ ನಡುವೆ ಒಂದು ಬೆಳ್ಳಿ ತಟ್ಟೆಯಲ್ಲಿ ನನ್ನ ಮೊಹರು. ಅದಕ್ಕೆ ಅರಿಶಿನ, ಕುಂಕುಮ, ಚೆಂಡು ಹೂವು. ರಜೆ ಮುಗಿದು ಪೂಜೆ ಎತ್ತುವ ತನಕ ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ಹಿಂದಿನ ವರ್ಷ ಜೀಪಿನ ಕೀಲಿ ಎತ್ತಿದ ಡ್ರೈವರ್‌ಗೆ ವಾರವಿಡೀ ಜ್ವರ ಬಂದಿತ್ತೆಂದು ಜವಾನರು ಕಣ್ಣರಳಿಸಿ ಹೇಳುತ್ತಿದ್ದರು. ಅವನು ಆ ವಾರ ಮಾವನ ಮನೆಯಲ್ಲಿ ಹೋಳಿಗೆ ಉಣ್ಣುತ್ತ ಕೂತಿದ್ದನೆಂದು ಆಮೇಲೆ ಗೊತ್ತಾಯಿತು. ಆದರೆ ಜ್ವರದ ಕಥೆಯೇ ಊರೆಲ್ಲ ಉಳಿಯಿತು.

ಆ ವರ್ಷ ಪೂಜೆ ಹನ್ನೊಂದೂವರೆಗೆ ಮುಗಿಯಿತು. ತಹಶೀಲ್ದಾರರು ಪ್ರಸಾದ ತೆಗೆದುಕೊಂಡು ತಮ್ಮ ಊರಿಗೆ ಹೊರಟರು. ಲೆಕ್ಕಕ್ಕೆ ಮಾತ್ರ ಕಚೇರಿ ಸಂಜೆಯ ತನಕ ತೆರೆದಿತ್ತು. ಹನ್ನೆರಡರ ಸುಮಾರಿಗೆ ಹರಿಪದ ಬಂದ. ಆರ್.ಎಚ್. ಕ್ಯಾಂಪಿನವನು, ಐವತ್ತರ ಆಸುಪಾಸು, ತೆಳ್ಳನೆಯ ಆಳು. ಇಲ್ಲಿಗೆ ಬಂದು ಹದಿನೈದು ವರ್ಷವಾಗಿತ್ತು, ನಮ್ಮ ಮಾತನ್ನೇ ಆಡುತ್ತಿದ್ದ. ಅವನ ಹಿಂದೆ ಮಗಳು ಮಾಲತಿ, ಎರಡು ಜಡೆ, ಕೈಯಲ್ಲಿ ಅದೇ ಪ್ಲಾಸ್ಟಿಕ್ ಚೀಲ.

ಅವಳಿಗೆ ನರ್ಸ್ ತರಬೇತಿಗೆ ಸಂದರ್ಶನದ ಪತ್ರ ಬಂದಿತ್ತು. ರಜೆ ಮುಗಿದ ದಿನವೇ ಬೆಳಿಗ್ಗೆ ಹತ್ತಕ್ಕೆ ಗುಲಬರ್ಗಾದಲ್ಲಿ ಹಾಜರಿರಬೇಕು. ಇದೇ ರಾಜ್ಯದ ವಾಸಿ ಎಂಬ ಪ್ರಮಾಣಪತ್ರ ಜೊತೆಗಿರಬೇಕು. ತಹಶೀಲ್ದಾರರು ಪೂಜೆಗೆ ಕೂರುವ ಮುಂಚೆ ಅದಕ್ಕೆ ಸಹಿ ಹಾಕಿಯೇ ಹೋಗಿದ್ದರು. ಉಳಿದದ್ದು ಮೊಹರೊಂದೇ.

ನಾನು ಕಾಗದ ನೋಡಿದೆ. ಆಮೇಲೆ ಮೇಜಿನ ಕಡೆ ನೋಡಿದೆ. ದೀಪ ಇನ್ನೂ ಉರಿಯುತ್ತಿತ್ತು.

“ಮೊಹರು ಪೂಜೆಗಿಟ್ಟೈತಿ. ಎತ್ತಾಕ ಬರಂಗಿಲ್ಲ. ರಜೆ ಮುಗಿದ ಮ್ಯಾಲ ಬಾ,” ಎಂದೆ.

“ಅವತ್ತ ಮುಂಜಾನೆ ಹತ್ತಕ್ಕ ಗುಲಬರ್ಗಾದಾಗ ಇರಬೇಕ್ರಿ ಸಾಹೇಬ್ರ,” ಎಂದ ಹರಿಪದ. “ಒಂದ ಸಲ ಒತ್ತಿ ಮತ್ತ ಅಲ್ಲೇ ಇಡ್ರಿ. ತಾಯಿ ಬ್ಯಾಡ ಅನ್ನಂಗಿಲ್ಲ.”

“ನಿನಗ ತಿಳಿಯಂಗಿಲ್ಲ. ಇದು ಶಾಸ್ತ್ರದ ಮಾತು.”

“ತಿಳಿತೈತ್ರಿ. ಇವತ್ತ ನಮ್ಮ ಕ್ಯಾಂಪಿನಾಗೂ ಅಷ್ಟಮಿ ಪೂಜಾ. ನಾನೂ ಉಪವಾಸ ಅದೀನಿ. ದುರ್ಗಾತಾಯಿನ್ನ ಚಪ್ಪರದಾಗ ಬಿಟ್ಟು ಕಾಗದಕ್ಕ ಬಂದೀನಿ. ನೀವು ಅದೇ ತಾಯಿ ಹೆಸರಾಗ ಕಾಗದ ತಡೀತೀರಿ.”

ನನಗೆ ಸಿಟ್ಟು ಬಂತು. ಬಂಗಾಳದಿಂದ ಬಂದವನು ನನಗೆ ದೇವಿಯ ಮಾತು ಹೇಳುತ್ತಾನೆಯೇ ಎಂಬ ಸಿಟ್ಟು. ಅದೊಂದು ನೀಚ ಯೋಚನೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ತಹಶೀಲ್ದಾರರ ಭಯ ಇತ್ತು, ಜವಾನರು ಏನೆಂದಾರು ಎಂಬ ಅಂಜಿಕೆ ಇತ್ತು, ಎಲ್ಲೋ ಒಂದು ಮೂಲೆಯಲ್ಲಿ ಆ ಜ್ವರದ ಕಥೆಯೂ ಇತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ ‘ಆಗುವುದಿಲ್ಲ’ ಎನ್ನುವುದರಲ್ಲಿ ನನಗೊಂದು ಸುಖವಿತ್ತು. ಆ ಹೊತ್ತಿಗೆ ನಾನು ಗುಮಾಸ್ತನೂ ಆಗಿದ್ದೆ, ಪೂಜಾರಿಯೂ ಆಗಿದ್ದೆ. ಒಂದು ಕೈಯಲ್ಲಿ ಸರ್ಕಾರ, ಇನ್ನೊಂದು ಕೈಯಲ್ಲಿ ದೇವರು. ಎದುರಿನವನು ಯಾರ ಹತ್ತಿರ ದೂರು ಹೇಳಬೇಕು?

ಅವರು ಬೇವಿನ ಮರದ ಕೆಳಗೆ ಐದು ಗಂಟೆಯ ತನಕ ಕೂತಿದ್ದರು. ನಾನು ಊಟಕ್ಕೆ ಹೋದೆ, ಬಂದೆ. ಕಚೇರಿ ಮುಚ್ಚುವಾಗ ಮಾಲತಿ ಎದ್ದು ನಿಂತಳು.  ಚೀಲವನ್ನು ಎದೆಗವಚಿಕೊಂಡು ಅಪ್ಪನ ಹಿಂದೆ ನಡೆದಳು.

ಮೊಹರಿಲ್ಲದ ಕಾಗದವನ್ನೇ ಹಿಡಿದು ಅವಳು ಗುಲಬರ್ಗಾಕ್ಕೆ ಹೋದಳಂತೆ. ಸಹಿ ಇದೆ, ಮೊಹರಿಲ್ಲ, ಇದು ನಡೆಯುವುದಿಲ್ಲ ಎಂದು ಅವಳನ್ನು ಹೊರಗೆ ಕೂರಿಸಿ ಮುಂದಿನ ಹೆಸರು ಕರೆದರಂತೆ. ಎರಡು ದಿನ ಬಿಟ್ಟು ಅಪ್ಪ ಮಗಳು ಮತ್ತೆ ಬಂದರು. ಪೂಜೆ ಎತ್ತಿಯಾಗಿತ್ತು. ನಾನು ಬೇಗಬೇಗ ಕಾಗದ ತೆಗೆದುಕೊಂಡು ಮೊಹರು ಒತ್ತಿದೆ, ಈಗಲಾದರೂ ಆಯಿತಲ್ಲ ಎನ್ನುವ ಹಾಗೆ. ಮೊಹರಿನ ಸಂದಿಗಳಲ್ಲಿ ಕುಂಕುಮ ಮೆತ್ತಿಕೊಂಡಿತ್ತು. ನೀಲಿ ಮಸಿಯ ನಡುವೆ, ಲಾಂಛನದ ಸಿಂಹಗಳ ಮೇಲೆ, ಕೆಂಪು ಬಣ್ಣ ಕಲೆಯಾಗಿ ಬಿತ್ತು.

ಹರಿಪದ ಅದನ್ನೇ ಬಹಳ ಹೊತ್ತು ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಇಷ್ಟೊತ್ತಿಗೆ ಮರೆತಿರುತ್ತಿದ್ದೆ.

“ಸಾಹೇಬ್ರ, ಆ ಕಡೆ ಸರ್ಕಾರಕ್ಕ ಒಂದು ಧರ್ಮ ಇತ್ತು. ನಮ್ಮದು ಬ್ಯಾರೆ. ಅದಕ್ಕ ಮನಿ, ಗದ್ದಿ, ಕೆರಿ ಬಿಟ್ಟು ಬಂದ್ವಿ. ಇಲ್ಲಿ ಸರ್ಕಾರಕ್ಕ ಧರ್ಮ ಇಲ್ಲ, ಆರಾಮ ಇರ್ರಿ ಅಂದ್ರು. ಇಲ್ಲೂ ಐತಿ. ಈ ಸಲ ಅದು ನಂದೇ ಧರ್ಮ, ನಮ್ಮ ತಾಯೀನೇ. ಆದ್ರೂ ನನ್ನ ಮಗಳ ದಾರಿ ಕಟ್ಟಿತಲ್ರಿ.”

  ಮರುವರ್ಷ ಮಾಲತಿ ಮತ್ತೆ ಅರ್ಜಿ ಹಾಕಿದಳಂತೆ. ಆ ವರ್ಷ ಹೆಚ್ಚು ಅಂಕದವರು ಬಂದರು, ಅವಳಿಗೆ ಸೀಟು ಸಿಗಲಿಲ್ಲ.

ಮೊಹರು ಪೂಜೆಗಿಟ್ಟ ವರ್ಷವೇ ದೀಪಾವಳಿಗೆ ಲಿಂಗಸುಗೂರಿಗೆ ಹೋದಾಗ ಖಾದರ್ ಸಾಬರನ್ನು ಕಂಡೆ. ನಿವೃತ್ತರಾಗಿ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಸಮಾಧಾನ ಹೇಳುತ್ತಾರೆಂಬ ಆಸೆ ಇತ್ತೇನೋ.

“ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅಂತಾರ ನಿಮ್ಮ ಕಡೆ. ನೀ ಯಾವಾಗ ಪೂಜಾರಿ ಆದ್ಯೋ ಮಾರಾಯಾ? ನಿನಗ ಪಗಾರ ಕೊಡಾವ್ರು ಯಾರು?” ಎಂದರು. ಆಮೇಲೆ ಚಹಾ ತರಿಸಿದರು. 

ಮೇಲಧಿಕಾರಿಗಳು ನನಗೆ ಬಹಳ ಮಂದಿ ಸಿಕ್ಕರು. ನೆನಪಿನಲ್ಲಿ ಉಳಿದವರು ಒಬ್ಬರೇ, ಸಿಂಧನೂರಿಗೆ ಮರುವರ್ಷ ಬಂದ ತಹಶೀಲ್ದಾರ್ ಮೇಡಂ. ಹಣೆಯ ತುಂಬ ವಿಭೂತಿ, ದಿನವೂ ಲಿಂಗಪೂಜೆ ಮುಗಿಸದೆ ಒಂದು ಲೋಟ ನೀರು ಕುಡಿಯದವರು. ಇವರ ಕಾಲದಲ್ಲಿ ಪೂಜೆ ಇನ್ನೂ ಜೋರು ಎಂದು ಜವಾನರು ಹಿಗ್ಗಿದರು. ದಸರೆಯ ಹಿಂದಿನ ವಾರ ನಾನು ಧೈರ್ಯ ಮಾಡಿ ಅವರ ಮುಂದೆ ಮಾಲತಿಯ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ನನ್ನ ದೇವ್ರು ನನ್ನ ಕೊರಳಾಗ ಆರಾಮದಾನ್ರಿ. ಅವನ್ನ ತಂದು ಸರ್ಕಾರಿ ನೌಕರಿಗೆ ಹಚ್ಚಬ್ಯಾಡ್ರಿ. ನಮ್ಮ ನೌಕರಿನ ನಮಗ ಸಾಕಾಗೈತಿ,” ಎಂದರು. ಆಮೇಲೆ ಒಂದು ಹಾಳೆ ತೆಗೆದು, ‘ಮೊಹರನ್ನು ಯಾವುದೇ ಪೂಜೆಗೆ ಇಡತಕ್ಕದ್ದಲ್ಲ, ಕಚೇರಿ ತೆರೆದಿರುವಷ್ಟು ಹೊತ್ತು ಅದು ಜನರಿಗೆ ಸಿಗತಕ್ಕದ್ದು’ ಎಂದು ಬರೆದು ಸಹಿ ಹಾಕಿ ನನಗೇ ಕೊಟ್ಟರು. ಆ ವರ್ಷ ಸಿಬ್ಬಂದಿ ಊಟದ ಕೋಣೆಯಲ್ಲಿ ಪೂಜೆ ಮಾಡಿಕೊಂಡರು. ಬೇಕಾದವರು ಬಂದರು, ಬೇಡವಾದವರು ಬರಲಿಲ್ಲ. ಮೊಹರು ನನ್ನ ಮೇಜಿನ ಮೇಲಿತ್ತು. ಆ ವರ್ಷ ಯಾರಿಗೂ ಜ್ವರ ಬರಲಿಲ್ಲ. ಮುಂದೆ ನಾನು ಎಲ್ಲೆಲ್ಲಿ ಮೊಹರಿನ ಸುಪರ್ದಿ ಬಿಟ್ಟುಕೊಟ್ಟೆನೋ ಅಲ್ಲೆಲ್ಲ ಮೇಡಂ ಬರೆದ ಆ ಎರಡು ಸಾಲುಗಳನ್ನು ಹಸ್ತಾಂತರದ ವಹಿಯಲ್ಲಿ ಕೈಯಾರೆ ನಕಲು ಮಾಡಿಯೇ ಸಹಿ ಹಾಕಿದೆ.

ತೊಂಬತ್ತರ ದಶಕದ ಮೊದಲ ವರ್ಷಗಳು ಕೆಟ್ಟ ವರ್ಷಗಳು. ದೇಶದಲ್ಲೆಲ್ಲ ಜನರ ಮನಸ್ಸು ಒಡೆಯುತ್ತಿದ್ದ ಕಾಲ. ನಾನು ಮಸ್ಕಿಯ ನಾಡಕಚೇರಿಯಲ್ಲಿದ್ದೆ. ಒಂದು ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಕಚೇರಿಯ ಅಂಗಳದ ಒಂದು ಮೂಲೆಯಲ್ಲಿ ಕುಂಕುಮ ಹಚ್ಚಿದ ಕಲ್ಲು. ಮಂಗಳವಾರ ಇನ್ನೊಂದು ಮೂಲೆಯಲ್ಲಿ ಹಸಿರು ಬಾವುಟ. ಎರಡಕ್ಕೂ ಊದಿನಕಡ್ಡಿ. ಬುಧವಾರ ಎರಡೂ ಕಡೆ ಜನ ನಿಂತರು. ಪೊಲೀಸರನ್ನು ಕರೆಯಿರಿ ಎಂದರು ಕೆಲವರು. ಕರೆದರೆ ಹೊತ್ತಿಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ಕಲ್ಲಿನ ಕಡೆಯಿಂದ ಒಬ್ಬ ಹಿರಿಯರು, ಬಾವುಟದ ಕಡೆಯಿಂದ ಒಬ್ಬ ಹಿರಿಯರು, ಇಬ್ಬರನ್ನೂ ಅಂಗಳದ ನಡುವೆ ಚಾಪೆ ಹಾಕಿ ಕೂರಿಸಿದೆ. ಕಾನೂನು ಹೇಳಲು ಬಾಯಿ ತೆರೆದವನು ಯಾಕೋ ಮಾಲತಿಯ ಕಥೆ ಹೇಳಿದೆ. ನನ್ನ ತಪ್ಪನ್ನು ಊರ ಮುಂದೆ ಒಪ್ಪಿಕೊಂಡದ್ದು ಅದೇ ಮೊದಲು.

ಹೇಳಿ ಮುಗಿಸಿ, “ಇಲ್ಲಿ ಯಾರ ದೇವ್ರು ಬಂದು ಕುಂತ್ರೂ ನಾಳೆ ನಿಮ್ಮ ಮಗಳು ಕಾಗದಕ್ಕ ಬಂದಾಗ ಬಾಗಲಾಗ ನಿಂತು ನೋಡಬೇಕಾಕೈತಿ, ಒಳಗ ಬರಬೇಕೋ ಬ್ಯಾಡೋ ಅಂತ,” ಎಂದೆ.

 ಕಲ್ಲಿನ ಕಡೆಯ ಹಿರಿಯರೇ ಮೊದಲು ಎದ್ದು, ಕಲ್ಲನ್ನು ಹೆಗಲಿಗೆ ಏರಿಸಿಕೊಂಡು ತಮ್ಮ ಓಣಿಯ ಗುಡಿಗೆ ಹೊರಟರು. ಬಾವುಟವೂ ಮಡಿಚಿಕೊಂಡಿತು. ಎಲ್ಲ ಸುಖಾಂತವಾಯಿತು ಎಂದು ತಿಳಿಯಬೇಡಿ. ಎರಡೂ ಕಡೆಯ ಹುಡುಗರು ವರ್ಷವಿಡೀ ನನ್ನ ಮುಖ ನೋಡಲಿಲ್ಲ. ನನ್ನ ಸೋದರಮಾವ, ‘ನಾಸ್ತಿಕ ಆಗ್ಯಾನ’ ಎಂದು ಮನೆಗೆ ಬರುವುದನ್ನು ಬಿಟ್ಟ. ನಾನು ಮುಂಜಾನೆ ಪೂಜೆ ಬಿಟ್ಟವನಲ್ಲ, ಇವತ್ತಿಗೂ ಬಿಟ್ಟಿಲ್ಲ. ಅದನ್ನು ಅವನಿಗೆ ಹೇಳಲು ಹೋಗಲಿಲ್ಲ. ಆ ಊರಿನ ಗುಡ್ಡದ ಮೇಲೆ ಅಶೋಕನ ಶಾಸನದ ಬಂಡೆ ಇದೆ, ಎಲ್ಲರಿಗೂ ಗೊತ್ತು. ನಮ್ಮ ಮೊಹರಿನ ಸಿಂಹಗಳು ಅದೇ ದೊರೆಯ ಕಂಬದವು. ಸಂಜೆ ಒಮ್ಮೊಮ್ಮೆ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಆ ಸಿಂಹಗಳ ಮೇಲೆ ಬಿದ್ದ ಕುಂಕುಮದ ಕಲೆ ನೆನಪಾಗುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ಮತ್ತೆ ಸಿಂಧನೂರು. ಹಳೆಯ ಪದ್ಧತಿ ಮರಳಿ ಬಂದಿತ್ತು. ಮೇಡಂ ಬರೆದ ಆದೇಶ ಯಾವುದೋ ಕಡತದ ಹೊಟ್ಟೆಯಲ್ಲಿತ್ತು. ಹುಡುಕಿ ತೆಗೆದೆ, ಜಗಳವಾಡಿದೆ, ಮೊಹರನ್ನು ಮತ್ತೆ ನನ್ನ ಸುಪರ್ದಿಗೆ ತೆಗೆದುಕೊಂಡೆ. ಆ ದಸರೆಯ ಅಷ್ಟಮಿಯ ದಿನ ಒಬ್ಬ ಹೆಂಗಸು ಬಂದು ಬೆಂಚಿನ ಮೇಲೆ ಕೂತಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕ್ಯಾಂಪಿನ ಯಾವುದೋ ಹುಡುಗಿಯ ಆದಾಯ ಪ್ರಮಾಣಪತ್ರ ತಂದಿದ್ದಳು. ಮೊಹರು ಹಾಕಿಕೊಟ್ಟೆ. ಹೋದಳು. ಮರುವರ್ಷ ಅಷ್ಟಮಿಗೆ ಮತ್ತೆ ಅವಳೇ, ಮತ್ತೊಬ್ಬರ ಕಾಗದ ಹಿಡಿದು. ಆಗ ಮುಖ ನೋಡಿದೆ. ಎರಡು ಜಡೆ ಇರಲಿಲ್ಲ, ಕೂದಲು ಆಗಲೇ ಅಲ್ಲಲ್ಲಿ ನರೆತಿತ್ತು. ಕಣ್ಣು ಅವೇ.

“ನೀನು ಹರಿಪದನ ಮಗಳಲ್ಲೇನವ್ವಾ?”

“ಹೌದ್ರಿ. ಮಾಲತಿ. ಕ್ಯಾಂಪಿನ ಅಂಗನವಾಡ್ಯಾಗ ಅದೀನಿ.”

ಇಷ್ಟೇ. ನಾನು ಮೊಹರು ಒತ್ತಿಕೊಟ್ಟೆ. ಆಮೇಲೆ ನಾನು ಅಲ್ಲಿದ್ದ ಪ್ರತಿ ಅಷ್ಟಮಿಗೂ ಅವಳು ಯಾರದೋ ಕಾಗದ ಹಿಡಿದು ಬರುತ್ತಿದ್ದಳು.

ನನ್ನ ಸೇವೆಯ ಕೊನೆಯ ದಸರೆ. ಊಟದ ಕೋಣೆಯಲ್ಲಿ ಪೂಜೆ ನಡೆದಿತ್ತು. ಹಿರಿಯ ಎಂದು ನನ್ನ ಕೈಗೇ ಮಂಗಳಾರತಿಯ ತಟ್ಟೆ ಕೊಟ್ಟಿದ್ದರು. ಬಾಗಿಲಾಚೆ ಬೆಂಚಿನ ಮೇಲೆ ಮಾಲತಿ ಬಂದು ಕೂತದ್ದು ಕಂಡಿತು. ಕರ್ಪೂರ ಹಚ್ಚುವುದನ್ನು ಬಿಟ್ಟು ತಟ್ಟೆಯನ್ನು ಜವಾನನ ಕೈಗೆ ಕೊಟ್ಟು ಹೊರಗೆ ಬಂದೆ. ಕೈ ತೊಳೆದೆ. ಕಾಗದ ತೆಗೆದುಕೊಂಡೆ. ಆ ದಿನವೂ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿತು.

“ಮಾಲತಿ, ಅವತ್ತ ನಾ ನಿನಗ ಅನ್ಯಾಯ ಮಾಡೀನವ್ವಾ. ನಿನ್ನ ಬಾಳು ಹಾಳ ಮಾಡಿದೆ. ಕ್ಷಮಾ ಮಾಡು.”

ಅವಳು ನನ್ನನ್ನು ನೇರವಾಗಿ ನೋಡಿದಳು. “ಕ್ಷಮಾ ಮಾಡಾಕ ಬಂದಿಲ್ರಿ ನಾ. ಅಪ್ಪ ತೀರ್ಕೊಳ್ಳಾಕ ಮುಂಚೆ ಒಂದ ಮಾತು ಹೇಳ್ಯಾನ, ವರ್ಷಾ ಅಷ್ಟಮಿ ದಿನ ಕಚೇರಿಗೆ ಹೋಗಿ ಬಾ, ಮೊಹರು ಎಲ್ಲೈತಿ ನೋಡ್ಕೊಂಡು ಬಾ ಅಂತ. ಅದಕ್ಕ ಬರ್ತೀನಿ. ಮೊಹರು ಹಾಕ್ರಿ.”

ಹರಿಪದ ತೀರಿಹೋದದ್ದು ನನಗೆ ತಿಳಿದಿರಲಿಲ್ಲ.  ಮೊಹರನ್ನು ಮಸಿಯ ಪ್ಯಾಡಿಗೆ ತಾಗಿಸಿ ಕಾಗದದ ಮೇಲೆ ಒತ್ತಿದೆ. ಹಳೆಯ ಕಾಲದಂತೆ ಜೋರಾಗಿ ಒತ್ತಲಿಲ್ಲ, ಸರಿಯಾಗಿ ಬೀಳಲಿ ಎಂದು ಮೆಲ್ಲಗೆ ಒತ್ತಿದೆ. ಊದಿ ಒಣಗಿಸಿ ಅವಳ ಕೈಗೆ ಕೊಟ್ಟೆ.

ಅವಳು ಕಿಟಕಿಯ ಬೆಳಕಿಗೆ ಹಿಡಿದು ಮೊಹರಿನ ಗುರುತನ್ನು ಅಂಚಿನಿಂದ ಅಂಚಿಗೆ ನೋಡಿದಳು.

“ಬರೇ ಮಸಿ ಐತ್ರಿ,” ಎಂದಳು.

ಕಾಗದವನ್ನು ಚೀಲಕ್ಕೆ ಹಾಕಿಕೊಂಡು, ಕ್ಯಾಂಪಿನಲ್ಲಿ ದುರ್ಗೆಯ ಆರತಿಗೆ ಹೊತ್ತಾಯಿತೆಂದು ಬಸ್ಸಿಗೆ ಹೊರಟಳು.